ಬಿಸಿಲು 41, ಬೀಳಗಿ 30 ಕಿ.ಮೀ.: ಮೈಮೇಲೆ ಎಷ್ಟು ಹಾಕಿಕೊಳ್ಳಬೇಕು?

ಪ್ರಶ್ನೆ: ನಾನು ಬಾಗಲಕೋಟೆ ನವನಗರದವನು, ವಯಸ್ಸು 31. ಬೀಳಗಿಯಲ್ಲಿ ಬ್ಯಾಂಕ್ ಕೆಲಸ. ದಿನಾ 150 ಸಿಸಿ ಬೈಕಿನಲ್ಲಿ ಹೋಗಿ ಬರುತ್ತೇನೆ, ಒಂದು ಕಡೆಗೆ ಹತ್ತಿರ ಹತ್ತಿರ 30 ಕಿ.ಮೀ. ತಿಂಗಳಿಗೊಮ್ಮೆ ಹೆಂಡತಿ ಜೊತೆ ಬಾದಾಮಿ, ಬನಶಂಕರಿ. ವರ್ಷಕ್ಕೊಮ್ಮೆ ಗೆಳೆಯರ ಜೊತೆ ಚೋರ್ಲಾ ಘಾಟಿನ ಮೇಲೆ ಗೋವಾ. ಒಬ್ಬ ಗೆಳೆಯ ‘ತರಕಾರಿ ತರೋಕೆ ಹೋದರೂ ಹೆಲ್ಮೆಟ್, ಜಾಕೆಟ್, ಗ್ಲೌಸ್, ಬೂಟು ಅಂತ ಎಲ್ಲಾ ಗೇರ್ ಹಾಕಿಕೊಂಡೇ ಹೋಗಬೇಕು’ ಅಂತಾನೆ. ನಮ್ಮಪ್ಪ ‘ಮೂವತ್ತ ವರ್ಷ ರಾಜದೂತ್ ಹೊಡದೀನಿ, ಒಮ್ಮೆನೂ ಬಿದ್ದಿಲ್ಲ, ನೀ ಏನ್ ಯುದ್ಧಕ್ಕ ಹೊಂಟಿಯೇನ?’ ಅಂತ ನಗುತ್ತಾರೆ. ಹೋದ ಮೇ ತಿಂಗಳಲ್ಲಿ ಗೆಳೆಯನ ದಪ್ಪ ಜಾಕೆಟ್ ಹಾಕಿಕೊಂಡು ಹೋದೆ. ಅನಗವಾಡಿ ಸೇತುವೆ ದಾಟುವಷ್ಟರಲ್ಲಿ ತಲೆ ಸುತ್ತಿ ಬಂತು. ಈಗ ಇರುವುದು ಒಂದು ಹಾಫ್ ಹೆಲ್ಮೆಟ್ ಮಾತ್ರ. 15,000 ರೂಪಾಯಿ ಎತ್ತಿಟ್ಟಿದ್ದೇನೆ. ಎಷ್ಟು ಹಾಕಿಕೊಂಡರೆ ಸಾಕು, ಹೇಳಿ ಸರ್.

ಉತ್ತರ: ಮೊದಲೇ ಒಂದು ಮಾತು. ನಾನು ಬೆಳಗಾವಿಯಲ್ಲಿ ಹದಿನಾರು ವರ್ಷದಿಂದ ಹೆಲ್ಮೆಟ್, ಜಾಕೆಟ್ ಮಾರಿಕೊಂಡು ಬಂದವನು. ಭಾನುವಾರ ಹೊಸಬರಿಗೆ ಗಾಡಿ ಓಡಿಸುವುದನ್ನೂ ಕಲಿಸುತ್ತೇನೆ. ‘ಎಲ್ಲಾ ತಗೊಳ್ಳಿ, ಯಾವಾಗಲೂ ಹಾಕಿಕೊಳ್ಳಿ’ ಅಂದರೆ ತುಂಬುವುದು ನನ್ನ ಗಲ್ಲಾಪೆಟ್ಟಿಗೆಯೇ. ಆದರೂ ಹಾಗೆ ಹೇಳುವುದಿಲ್ಲ. ಹಾಗೆ ಕೇಳಿ ಕೊಂಡುಹೋದವರ ಜಾಕೆಟ್ ಆಮೇಲೆ ಎಲ್ಲಿ ನೇತಾಡುತ್ತಿರುತ್ತದೆ ಅಂತ ನೋಡಿದ್ದೇನೆ. ಬಾಗಿಲ ಹಿಂದಿನ ಮೊಳೆಗೆ. ಹದಿನೈದು ದಿನ ಹಾಕಿಕೊಂಡಿರುತ್ತಾರೆ, ಬೇಸಿಗೆ ಬಂದ ಕೂಡಲೇ ಮೊಳೆಗೆ ಏರುತ್ತದೆ, ಮತ್ತೆ ಇಳಿಯುವುದಿಲ್ಲ.

ನಿಮ್ಮ ಗೆಳೆಯನೂ, ನಿಮ್ಮ ತಂದೆಯವರೂ ಇಬ್ಬರೂ ಒಂದೇ ತಪ್ಪು ಮಾಡುತ್ತಿದ್ದಾರೆ ಅಂತ ನನಗನ್ನಿಸುತ್ತದೆ. ಬೀಳುವುದನ್ನು ಒಂದೇ ಸಂಗತಿ ಅಂದುಕೊಂಡಿದ್ದಾರೆ. ಅದು ಎರಡು. ಮೊದಲು ಮನುಷ್ಯ ಮೇಲಿನಿಂದ ನೆಲಕ್ಕೆ ಬಡಿಯುತ್ತಾನೆ. ಆಮೇಲೆ ರಸ್ತೆ ಮೇಲೆ ಉಜ್ಜಿಕೊಂಡು ಹೋಗುತ್ತಾನೆ. ಈ ಎರಡರ ಲೆಕ್ಕ ಬೇರೆ ಬೇರೆ.

ಬಡಿಯುವುದಕ್ಕೂ ಗಾಡಿಯ ಸ್ಪೀಡಿಗೂ ಅಷ್ಟು ನಂಟಿಲ್ಲ. ಗಾಡಿ ನಿಂತಲ್ಲೇ ವಾಲಿ ಬಿದ್ದರೂ ನಿಮ್ಮ ತಲೆ ಹತ್ತಿರ ಹತ್ತಿರ ಒಂದೂವರೆ ಮೀಟರ್ ಎತ್ತರದಿಂದ ಕೆಳಗೆ ಬರುತ್ತದೆ. ಡಾಂಬರಿಗೆ ತಾಗುವ ಹೊತ್ತಿಗೆ ತಲೆಯ ವೇಗ ಗಂಟೆಗೆ ಸುಮಾರು 20 ಕಿ.ಮೀ. ಆಗಿರುತ್ತದೆ. ಅಷ್ಟು ಜೋರಾಗಿ ಓಡಿಹೋಗಿ ಗೋಡೆಗೆ ತಲೆ ಕೊಟ್ಟಂತೆ. ಸಂತೆಗೆ ಹೋಗಿ ಬರುವಾಗಲೂ ಇದೇ, ಗೋವಾಕ್ಕೆ ಹೋಗುವಾಗಲೂ ಇದೇ.

ಉಜ್ಜಿಕೊಂಡು ಹೋಗುವುದು ಮಾತ್ರ ಪೂರ್ತಿ ಸ್ಪೀಡಿನ ಆಟ. ಸ್ಪೀಡು ಎರಡರಷ್ಟಾದರೆ ಜಾರುವ ದೂರ ನಾಲ್ಕರಷ್ಟಾಗುತ್ತದೆ. 30ರಲ್ಲಿ ಬಿದ್ದವನು ಅಂದಾಜು ಐದು ಮೀಟರ್ ಜಾರಿ ನಿಲ್ಲುತ್ತಾನೆ. 60ರಲ್ಲಿ ಬಿದ್ದವನು ಇಪ್ಪತ್ತು ಮೀಟರ್. 80ರಲ್ಲಾದರೆ ಮೂವತ್ತೈದು ಮೀಟರ್. ಒಂದು ಕಬ್ಬಿನ ಟ್ರ್ಯಾಕ್ಟರನ್ನು ಎರಡು ಟ್ರೈಲರ್ ಸಮೇತ ನಿಲ್ಲಿಸಿ ನೋಡಿ, ಅದಕ್ಕಿಂತ ಉದ್ದ. ಅಷ್ಟು ದೂರ ಕಡಿ ಕಲ್ಲಿನ ರಸ್ತೆಗೆ ಮೈ ತಿಕ್ಕುತ್ತಾ ಹೋಗುವುದು ಅಂದರೆ ಏನು ಅಂತ ನೀವೇ ಯೋಚಿಸಿ.

ಹಾಗಾಗಿ ‘ಎಷ್ಟು ದೂರ ಹೋಗ್ತೀನಿ’ ಅಂತ ನೋಡಿ ಗೇರ್ ತೀರ್ಮಾನ ಮಾಡಬೇಡಿ. ನಮ್ಮಲ್ಲಿ ಎಲ್ಲರ ಬಾಯಲ್ಲೂ ‘ಇಲ್ಲೇ ಹೋಗಿ ಬರ್ತೀನಿ’ ಅನ್ನುವ ಮಾತು ಸಿದ್ಧ ಇರುತ್ತದೆ. ನಾನು ಬಿದ್ದದ್ದೂ ‘ಇಲ್ಲೇ’ ಹೋದಾಗಲೇ. ಬೆಳಗ್ಗೆ ಆರೂವರೆಗೆ ಹಾಲು ತರಲು ಹೊರಟಿದ್ದೆ. ರಾತ್ರಿ ಮಳೆ ಬಂದಿತ್ತು. ಹೊಲದಿಂದ ಬಂದ ಯಾವುದೋ ಟ್ರ್ಯಾಕ್ಟರ್ ಗಾಲಿಯಿಂದ ತಿರುವಿನಲ್ಲಿ ಎರೆ ಮಣ್ಣು ಉದುರಿ ಅಂಟಿಕೊಂಡಿತ್ತು. ಒದ್ದೆ ಎರೆ ಮಣ್ಣು ಅಂದರೆ ಸಾಬೂನೇ, ನಿಮಗೆ ಹೇಳಬೇಕಾಗಿಲ್ಲ. 20ರ ಸ್ಪೀಡು ಇರಬಹುದು. ತಲೆಗೆ ಹೆಲ್ಮೆಟ್ ಇತ್ತು, ಕೈಗೆ ಏನೂ ಇರಲಿಲ್ಲ. ಬೀಳುವಾಗ ಕೈ ಮುಂದೆ ಹೋಗುತ್ತದೆ, ಅದನ್ನು ಯಾರೂ ತಡೆಯಲಾಗುವುದಿಲ್ಲ. ಎರಡೂ ಅಂಗೈ ಚರ್ಮ ಹೋಯಿತು. ಬಲ ಮಣಿಕಟ್ಟಿನಲ್ಲಿ ಗೋಡಂಬಿಯಷ್ಟು ದೊಡ್ಡ ಒಂದು ಮೂಳೆ ಇದೆ, ಸ್ಕಾಫಾಯ್ಡ್ ಅಂತಾರೆ, ಅದು ಸೀಳಿತು. ಅದಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲವಂತೆ, ಕೂಡಿಕೊಳ್ಳಲು ತಿಂಗಳುಗಟ್ಟಲೆ ಬೇಕು. ಹತ್ತು ವಾರ ಪ್ಲಾಸ್ಟರ್. ಎಡಗೈಯಲ್ಲಿ ರೊಟ್ಟಿ ಮುರಿಯಲು ಬರಲಿಲ್ಲ, ಹೆಂಡತಿ ಮುರಿದು ತಾಟಿಗೆ ಹಾಕಿಕೊಡುತ್ತಿದ್ದಳು. ಗೇರ್ ಅಂಗಡಿಯವನ ಕಥೆ ಇದು!

ಅದಕ್ಕೇ ನನ್ನ ಮಟ್ಟಿಗೆ ಒಂದು ಕೆಳಗಿನ ಗೆರೆ ಇದೆ. ತಲೆ, ಕೈ, ಕಾಲು. ಈ ಮೂರು ಹತ್ತಿರ ಹೋದರೂ ದೂರ ಹೋದರೂ ಬದಲಾಗುವುದಿಲ್ಲ. ಜಾಕೆಟ್ಟು, ನೀ ಗಾರ್ಡು (ಮೊಣಕಾಲಿನ ಕವಚ) ಆ ಗೆರೆಯ ಮೇಲಿನವು. ಅವನ್ನು ಸ್ಪೀಡು, ರಸ್ತೆ, ಬಿಸಿಲು ನೋಡಿ ಏರಿಸಬಹುದು, ಇಳಿಸಬಹುದು.

ಮೊದಲು ತಲೆ. ನಿಮ್ಮ ಹಾಫ್ ಹೆಲ್ಮೆಟ್ ಬದಲಾಯಿಸಿ, ಗದ್ದವನ್ನೂ ಮುಚ್ಚುವ ಫುಲ್ ಫೇಸ್ ತಗೊಳ್ಳಿ. ಹೆಲ್ಮೆಟ್ ಹಾಕಿದವರು, ಹಾಕದವರನ್ನು ಹೋಲಿಸಿದ ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ವಿಮರ್ಶೆ 2008ರಲ್ಲಿ ಬಂತು. ಹೆಲ್ಮೆಟ್‌ನಿಂದ ಸಾವಿನ ಅಪಾಯ 42%, ತಲೆಯ ಗಾಯದ ಅಪಾಯ 69% ಕಡಿಮೆ ಅಂತ ಅದರ ಲೆಕ್ಕ. ಇನ್ನು ಏಟು ಎಲ್ಲಿಗೆ ಬೀಳುತ್ತದೆ? ಜರ್ಮನಿಯ ಅಪಘಾತ ಸಂಶೋಧಕ ಡೀಟ್‌ಮಾರ್ ಒಟ್ಟೆ ಅಪಘಾತವಾದ ಹೆಲ್ಮೆಟ್‌ಗಳ ಮೇಲಿನ ಗುರುತುಗಳನ್ನೇ ಎಣಿಸಿದರು. ಮೂರರಲ್ಲಿ ಒಂದು ಪಾಲಿನಷ್ಟು ಏಟು ಗದ್ದದ ಭಾಗಕ್ಕೆ ಬಿದ್ದಿತ್ತು. ಹಾಫ್ ಹೆಲ್ಮೆಟ್‌ನಲ್ಲಿ ಅಲ್ಲಿ ಏನಿದೆ? ನಿಮ್ಮ ಹಲ್ಲು.

ಐಎಸ್‌ಐ ಗುರುತು ಇರಲೇಬೇಕು. 2021ರ ಜೂನ್ 1ರಿಂದ ಅದಿಲ್ಲದ ದ್ವಿಚಕ್ರ ಹೆಲ್ಮೆಟ್ ಮಾರುವಂತೆಯೇ ಇಲ್ಲ. ಆದರೂ ರಸ್ತೆ ಬದಿಯಲ್ಲಿ ಬರೀ ಸ್ಟಿಕರ್ ಅಂಟಿಸಿದ ಮುನ್ನೂರು ರೂಪಾಯಿಯ ಟೊಪ್ಪಿಗೆ ಸಿಗುತ್ತದೆ. ಅದು ಪೊಲೀಸರಿಗೆ ತೋರಿಸುವ ಹೆಲ್ಮೆಟ್ಟು. ಒಳ್ಳೆಯದಕ್ಕೆ ಬೆಂಗಳೂರು ತನಕ ಹುಡುಕಬೇಕಿಲ್ಲ, ವೇಗಾ ನಮ್ಮ ಬೆಳಗಾವಿಯದೇ ಕಂಪನಿ. ಕಂಪನಿ ಯಾವುದಾದರೂ ಇರಲಿ, ಸೈಜು ಸರಿ ಇರಬೇಕು. ಟೇಲರ್ ಟೇಪಿನಲ್ಲಿ ಹುಬ್ಬಿನ ಮೇಲಿನಿಂದ ತಲೆ ಸುತ್ತಳತೆ ತೆಗೆಯಿರಿ. ಹೆಲ್ಮೆಟ್ ಹಾಕಿ ಬೆಲ್ಟ್ ಬಿಗಿದು ಹಿಂದಿನಿಂದ ಮೇಲಕ್ಕೆತ್ತಿ ಮುಂದಕ್ಕೆ ತಳ್ಳಿ ನೋಡಿ. ಕಳಚಿ ಬಂದರೆ ಬೇಡ. ಅಲುಗಾಡಿಸಿದಾಗ ಕೆನ್ನೆಯ ಚರ್ಮ ಜೊತೆಗೇ ಅಲುಗಾಡಬೇಕು. ಹೊಸದರಲ್ಲಿ ಕೆನ್ನೆ ಸ್ವಲ್ಪ ಒತ್ತಿದಂತಾಗುತ್ತದೆ, ತಿಂಗಳಲ್ಲಿ ಸರಿಹೋಗುತ್ತದೆ. ಮೊದಲ ದಿನವೇ ಆರಾಮಾಗಿದ್ದರೆ ಅದು ನಿಮಗೆ ದೊಡ್ಡದು ಅಂತ ಅರ್ಥ. ಬೆಲ್ಟ್ ಹಾಕದ ಹೆಲ್ಮೆಟ್ ಬಗ್ಗೆ ಮಾತೇ ಬೇಡ, ಬೀಳುವಾಗ ಅದು ನಿಮಗಿಂತ ಮೊದಲೇ ಇಳಿದು ಹೋಗುತ್ತದೆ.

ನನ್ನ ಅಂಗಡಿಯಲ್ಲಿ ಒಂದು ಕಪ್ಪು ಹೆಲ್ಮೆಟ್ ಇಟ್ಟಿದ್ದೇನೆ, ಮಾರುವುದಕ್ಕಲ್ಲ. ಹೈವೇಯಲ್ಲಿ ಬಿದ್ದ ಹುಡುಗನೊಬ್ಬ ತಂದು ‘ಅಣ್ಣಾ, ಏನೂ ಆಗಿಲ್ಲ, ಬರೇ ಗೀರು ಬಿದ್ದದ. ಪಾಲಿಶ್ ಮಾಡಿಕೊಡ್ರಿ’ ಅಂದ. ಹೊರಗೆ ನೋಡಿದರೆ ನಿಜವಾಗಿಯೂ ಒಂದು ಬೆರಳುದ್ದದ ಗೀರು, ಅಷ್ಟೇ. ಒಳಗಿನ ಬಟ್ಟೆ ಬಿಚ್ಚಿ ತೋರಿಸಿದೆ. ಎಡಗಡೆ ಕಿವಿಯ ಮೇಲೆ ಥರ್ಮಾಕೋಲ್ ಅಂಗೈಯಗಲ ಕುಸಿದಿತ್ತು, ನಾದಿದ ಹಿಟ್ಟಿಗೆ ಹೆಬ್ಬೆರಳು ಒತ್ತಿದ ಹಾಗೆ. ಅದರ ಕೆಲಸವೇ ಅದು. ತಾನು ಕುಸಿದು ಏಟನ್ನು ನುಂಗಿಕೊಳ್ಳುವುದು. ಒಮ್ಮೆ ಕುಸಿದದ್ದು ಮತ್ತೆ ಉಬ್ಬುವುದಿಲ್ಲ, ಎರಡನೇ ಏಟಿಗೆ ಅಲ್ಲಿ ಏನೂ ಉಳಿದಿರುವುದಿಲ್ಲ. ಹುಡುಗ ಆ ಗುಂಡಿಗೆ ಬೆರಳು ಹಾಕಿ ನೋಡಿದ. ಆಮೇಲೆ ತನ್ನ ಕಿವಿ ಮೇಲೆ ಕೈಯಾಡಿಸಿಕೊಂಡ. ಹೊಸದು ತಗೊಂಡು ಹೋದ. ಅಂದಹಾಗೆ ಹೆಲ್ಮೆಟನ್ನು ಕನ್ನಡಿಗೆ ಸಿಕ್ಕಿಸುವ ಅಭ್ಯಾಸ ಇದ್ದರೆ ಬಿಡಿ. ಕನ್ನಡಿಯ ಕಡ್ಡಿ ಇದೇ ಥರ್ಮಾಕೋಲನ್ನು ದಿನಾ ಸ್ವಲ್ಪ ಸ್ವಲ್ಪ ತಿವಿಯುತ್ತಿರುತ್ತದೆ.

ಕೈ ಬಗ್ಗೆ ನನ್ನ ಕಥೆ ಹೇಳಿಯಾಯಿತು. ಆಸ್ಟ್ರೇಲಿಯಾದಲ್ಲಿ ಅಪಘಾತಕ್ಕೆ ಸಿಕ್ಕ 212 ಸವಾರರನ್ನು ವಿಚಾರಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಆಸ್ಪತ್ರೆಗೆ ಸೇರುವ ಅಪಾಯ ರೈಡಿಂಗ್ ಜಾಕೆಟ್ ಹಾಕಿದವರಿಗೆ 21%, ರೈಡಿಂಗ್ ಪ್ಯಾಂಟ್ ಹಾಕಿದವರಿಗೆ 51%, ಗ್ಲೌಸ್ ಹಾಕಿದವರಿಗೆ 59% ಕಡಿಮೆ ಇತ್ತು. ಸಾವಿರದೈನೂರರ ಗ್ಲೌಸ್ ಆರು ಸಾವಿರದ ಜಾಕೆಟ್ಟಿಗಿಂತ ಹಿಂದೆ ಬಿದ್ದಿಲ್ಲ, ನೋಡಿ. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ, ನಮ್ಮ ಧಂದೆಯವರು ಅದನ್ನು ಹೇಳುವುದಿಲ್ಲ. ಬಿದ್ದಾಗ ಗ್ಲೌಸ್‌ಗಳಲ್ಲಿ ಕಾಲು ಭಾಗ, ಜಾಕೆಟ್‌ಗಳಲ್ಲಿ ಮೂರು ಹತ್ತಾಂಶದಷ್ಟು ಹರಿದೋ ಹೊಲಿಗೆ ಬಿಟ್ಟೋ ಕೈಕೊಟ್ಟಿದ್ದವು. ಆದ್ದರಿಂದ ಬಣ್ಣ ನೋಡಬೇಡಿ, ಹೊಲಿಗೆ ನೋಡಿ. ಗ್ಲೌಸ್ ಮಗುಚಿ ಅಂಗೈಯ ಬುಡ ನೋಡಿ. ಅಲ್ಲಿ ಗಟ್ಟಿ ಪ್ಲಾಸ್ಟಿಕ್ ಬಿಲ್ಲೆ ಅಥವಾ ಎರಡು ಪದರ ಚರ್ಮ ಇರಬೇಕು. ಅಂಗೈ ರಸ್ತೆಗೆ ಕಚ್ಚಿಕೊಳ್ಳದೆ ಜಾರಿದರೆ ಮಣಿಕಟ್ಟು ಉಳಿಯುತ್ತದೆ. ಬೆರಳಗೆಣ್ಣಿನ ಮೇಲೆ ಹೊಳೆಯುವ ಗಟ್ಟಿ ಕವಚ ಎಲ್ಲರಿಗೂ ಇಷ್ಟ, ಆದರೆ ಮೊದಲು ನೆಲ ಮುಟ್ಟುವುದು ಅಂಗೈ. ಮಣಿಕಟ್ಟಿಗೆ ಪಟ್ಟಿ ಬೇಕೇ ಬೇಕು.

ಕಾಲಿಗೆ ಚಪ್ಪಲಿ ಬೇಡ. ಇದಕ್ಕೆ ಜಾಸ್ತಿ ಖರ್ಚಿಲ್ಲ. ಹಿಮ್ಮಡಿ ಗಂಟು ಮುಚ್ಚುವ ದಪ್ಪ ಚರ್ಮದ ಶೂ ಸಾಕು, ಬೈಕಿಗೆ ಅಂತಲೇ ಮಾಡಿದ್ದು ಆಗಬೇಕಿಲ್ಲ. ಆ ಆಸ್ಟ್ರೇಲಿಯಾ ಅಧ್ಯಯನದಲ್ಲೂ ಮಾಮೂಲಿ ಎತ್ತರದ ಬೂಟು ಹಾಕಿದವರ ಪಾದಕ್ಕೆ ಗಾಯ ಕಡಿಮೆ ಆಗಿತ್ತು. ಲೇಸು ಒಳಗೆ ಸೇರಿಸಿಕೊಳ್ಳಿ, ಗೇರ್ ಲಿವರಿಗೆ ಸಿಕ್ಕಿಕೊಳ್ಳುತ್ತದೆ.

ಈಗ ನಿಮ್ಮ ನಿಜವಾದ ತಲೆನೋವು, ಜಾಕೆಟ್ಟು ಮತ್ತು ಬಿಸಿಲು. ಅನಗವಾಡಿ ಹತ್ತಿರ ತಲೆ ಸುತ್ತಿದ್ದು ನಿಮ್ಮ ತಪ್ಪಲ್ಲ, ಸೋಮಾರಿತನವೂ ಅಲ್ಲ. ಮೈ ಕಾದರೆ ಗಮನ ಹೋಗುತ್ತದೆ, ಬ್ರೇಕ್ ಹಿಡಿಯುವುದು ತಡವಾಗುತ್ತದೆ. ಅಂಥ ಜಾಕೆಟ್ ನಿಮ್ಮನ್ನು ಬೀಳಿಸುತ್ತದೆ, ಆಮೇಲೆ ಕಾಪಾಡಲು ಬರುತ್ತದೆ. ಯಾಕೆ ಬೇಕು ಅದು? ನಿಮ್ಮ ಗೆಳೆಯನದು ಚಳಿ, ಮಳೆಗೆ ಮಾಡಿದ ಜಾಕೆಟ್ ಇರಬೇಕು, ಒಳಗೆ ಪ್ಲಾಸ್ಟಿಕ್ ಪದರ ಇರುತ್ತದೆ. ನಮ್ಮ ಕಡೆಗೆ ಬೇಕಾದ್ದು ಮೆಶ್ ಜಾಕೆಟ್. ಎದೆ, ಬೆನ್ನು, ತೋಳಿನ ಒಳಭಾಗ ಜಾಲರಿ, ಭುಜ ಮತ್ತು ಮೊಣಕೈ ಮೇಲೆ ಮಾತ್ರ ಗಟ್ಟಿ ಬಟ್ಟೆ. ಗಾಡಿ ಓಡುತ್ತಿದ್ದರೆ ಗಾಳಿ ಆರಪಾರ ಹೋಗುತ್ತದೆ. ನಿಂತಾಗ ಸೆಕೆ ಇದ್ದೇ ಇದೆ, ಸುಳ್ಳು ಹೇಳುವುದಿಲ್ಲ. ಗದ್ದನಕೇರಿ ಕ್ರಾಸಿನಲ್ಲಿ ನಿಂತರೆ ಜಿಪ್ ಇಳಿಸಿಕೊಳ್ಳಿ.

ಬರೀ ಅಂಗಿಯಲ್ಲಿ ಹೋದರೆ ತಂಪು ಅನ್ನುವುದು 35 ಡಿಗ್ರಿ ತನಕ ನಿಜ. 40 ದಾಟಿದ ಮೇಲೆ ಗಾಳಿಯೇ ಮೈಗಿಂತ ಬಿಸಿ. ಆಗ ಅದು ತಣ್ಣಗೆ ಮಾಡುವುದಿಲ್ಲ, ಬೇಯಿಸುತ್ತದೆ. ತಂಪು ಕೊಡುವುದು ಬೆವರು ಆರುವುದೊಂದೇ. ಬಿಚ್ಚು ಮೈಯ ಬೆವರು ಆ ಗಾಳಿಗೆ ಕ್ಷಣದಲ್ಲಿ ಆರಿ, ಮೈಯ ನೀರು ಬೇಗ ಖಾಲಿಯಾಗುತ್ತದೆ. ನಮ್ಮ ರೈತರು ಮೇ ತಿಂಗಳ ನಡು ಮಧ್ಯಾಹ್ನ ತುಂಬು ತೋಳಿನ ಅಂಗಿ ತೊಟ್ಟು ತಲೆಗೆ ರುಮಾಲು ಸುತ್ತಿಕೊಂಡು ಹೊಲದಲ್ಲಿ ನಿಲ್ಲುವುದು ಸುಮ್ನೆ ಅಲ್ಲ. ನೀವೂ ಅದೇ ಮಾಡಿ. ಒಳಗಿನ ಬನಿಯನ್ ಒದ್ದೆ ಮಾಡಿ ಹಿಂಡಿ ಹಾಕಿಕೊಳ್ಳಿ, ಮೇಲೆ ಮೆಶ್ ಜಾಕೆಟ್ ತೊಡಿ. ಅರ್ಧ ಗಂಟೆಯ ದಾರಿಗೆ ಆ ತಂಪು ಸಾಕು. ಬ್ಯಾಂಕ್ ತಲುಪಿ ಅಂಗಿ ಬದಲಾಯಿಸಿ. ಹೊರಡುವ ಮೊದಲು ಒಂದು ದೊಡ್ಡ ಲೋಟ ಮಜ್ಜಿಗೆ ಕುಡಿಯಿರಿ.

ಜಾಕೆಟ್ ಒಳಗಿನ ಆರ್ಮರ್, ಅಂದರೆ ಪೆಟ್ಟು ತಡೆಯುವ ಪ್ಯಾಡ್, ಹೊರತೆಗೆದು ನೋಡಿ. ಅದರ ಮೇಲೇ ಇಎನ್ 1621 ಅಂತ ಯುರೋಪಿನ ಗುಣಮಟ್ಟದ ಅಚ್ಚು ಇರಬೇಕು, ಪಕ್ಕದಲ್ಲಿ ಲೆವೆಲ್ 1 ಅಥವಾ 2. ಭುಜ, ಮೊಣಕೈ ಆರ್ಮರಿಗೆ 50 ಜೂಲ್ ಏಟು ಕೊಟ್ಟಾಗ ಲೆವೆಲ್ 1 ಸರಾಸರಿ 35 ಕಿಲೋನ್ಯೂಟನ್ ತನಕ ಬಲವನ್ನು ಒಳಗೆ ಬಿಡಬಹುದು, ಲೆವೆಲ್ 2 ಬರೀ 20. ದಿನದ ಓಡಾಟಕ್ಕೆ ಲೆವೆಲ್ 1 ಸಾಕು, ತೆಳ್ಳಗಿರುತ್ತದೆ, ಸೆಕೆ ಕಡಿಮೆ. ಬೆನ್ನಿನ ಜೇಬು ಮಾತ್ರ ತಪ್ಪದೆ ನೋಡಿ. ಎಷ್ಟೋ ಜಾಕೆಟ್‌ಗಳಲ್ಲಿ ಅಲ್ಲಿ ಪ್ಯಾಕಿಂಗಿಗೆ ಹಾಕುವ ಸ್ಪಂಜಿನಂಥ ಹಾಳೆ ತುರುಕಿರುತ್ತಾರೆ. ಎರಡು ಬೆರಳಲ್ಲಿ ಹಿಸುಕಿದರೆ ಬೆರಳಿಗೆ ಬೆರಳು ತಾಗಿತು ಅಂದರೆ ಅದು ಬೆನ್ನು ಕಾಯುವುದಿಲ್ಲ. ಇದನ್ನೂ ತಿಳಿದಿರಿ: ಜಾಕೆಟ್ ಚರ್ಮ ಉಳಿಸುತ್ತದೆ, ಸಣ್ಣ ಪೆಟ್ಟು ತಡೆಯುತ್ತದೆ. ಎದುರಿನಿಂದ ಬಂದ ಲಾರಿಯ ಮುಂದೆ ಅದು ಬರೀ ಬಟ್ಟೆ.

ಮಾಮೂಲಿ ಜೀನ್ಸ್ ಪ್ಯಾಂಟು 60ರ ಸ್ಪೀಡಿನಲ್ಲಿ ರಸ್ತೆಗೆ ತಿಕ್ಕಿದರೆ ಒಂದು ಸೆಕೆಂಡೂ ತಾಳುವುದಿಲ್ಲ. ಟ್ರ್ಯಾಕ್ ಪ್ಯಾಂಟ್ ಇನ್ನೂ ಕೆಟ್ಟದ್ದು, ಕರಗಿ ಮೈಗೆ ಅಂಟುತ್ತದೆ. ರೈಡಿಂಗ್ ಪ್ಯಾಂಟ್ ನಿಮ್ಮ ಬಜೆಟ್ಟಿಗೆ ಬರುವುದಿಲ್ಲ. ಸದ್ಯಕ್ಕೆ ಪಟ್ಟಿ ಬಿಗಿಯುವ ನೀ ಗಾರ್ಡ್ ತಗೊಳ್ಳಿ, ಪ್ಯಾಂಟಿನ ಮೇಲೇ ಕಟ್ಟಿಕೊಂಡು ಬ್ಯಾಂಕಿನಲ್ಲಿ ಬಿಚ್ಚಿಡಬಹುದು.

ನಿಮ್ಮ ನಾಲ್ಕು ದಾರಿಗಳ ವಿಷಯಕ್ಕೆ ಬರೋಣ. ನವನಗರದೊಳಗೆ ತರಕಾರಿಗೆ ಹೋಗುವಾಗ ಹೆಲ್ಮೆಟ್, ಗ್ಲೌಸ್, ಶೂ. ಜಾಕೆಟ್ ಮನೆಯಲ್ಲೇ ಇರಲಿ, ನಿಮ್ಮ ಗೆಳೆಯ ಬೈದರೆ ಬೈಯಲಿ.

ಬೀಳಗಿ ದಾರಿಗೆ ದಿನಾ ಜಾಕೆಟ್, ನೀ ಗಾರ್ಡ್ ಎರಡೂ ಬೇಕು. ನಾಲ್ಕರಲ್ಲಿ ನನಗೆ ಹೆಚ್ಚು ಹೆದರಿಕೆ ಇದರದ್ದೇ, ಗೋವಾದ್ದಲ್ಲ. ಅದು ಹೈವೇ, ಸ್ಪೀಡು 70–80ಕ್ಕೆ ತಾನಾಗೇ ಏರುತ್ತದೆ. ದಿನಾ ಹೋಗುವ ದಾರಿ, ಅರ್ಧ ಮನಸ್ಸು ಬ್ಯಾಂಕಿನಲ್ಲಿರುತ್ತದೆ. ಸುಗ್ಗಿಯಲ್ಲಿ ರಸ್ತೆ ಮೇಲೇ ರಾಶಿ ಹಾಕಿರುತ್ತಾರೆ. ತೊಗರಿಯೋ ಕಡಲೆಯೋ ಜೋಳದ ತೆನೆಯೋ ಹಾಸಿ, ಅಂಚಿಗೆ ಕಲ್ಲಿಟ್ಟಿರುತ್ತಾರೆ. ಕಾಳಿನ ಮೇಲೆ ಬ್ರೇಕ್ ಹಿಡಿದರೆ ಗೋಲಿಯ ಮೇಲೆ ಹಿಡಿದಂತೆ. ಮಾರ್ಚ್ ತನಕ ಕಬ್ಬಿನ ಟ್ರ್ಯಾಕ್ಟರ್ ಹಾವಳಿ ಬೇರೆ. ಹಿಂದೆ ದೀಪ ಇಲ್ಲ, ಕಬ್ಬು ಹೊರಗೆ ಚಾಚಿರುತ್ತದೆ, ಉದುರಿದ ಜಲ್ಲೆ ರಸ್ತೆಯಲ್ಲಿ ಅಡ್ಡ ಬಿದ್ದಿರುತ್ತದೆ. ಕತ್ತಲಾದ ಮೇಲೆ ವಾಪಸ್ ಬರುವವರು ಹೆಲ್ಮೆಟ್‌ಗೆ ಕಪ್ಪು ವೈಸರ್ (ಮುಖದ ಮುಂದಿನ ಗಾಜು) ಹಾಕಲೇಬೇಡಿ. ಬಣ್ಣದ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ನ್ಯೂಜಿಲೆಂಡಿನಲ್ಲಿ 2004ರಲ್ಲಿ ಬಂದ ಅಧ್ಯಯನದಲ್ಲಿ, ಬೆಳಕಿಗೆ ಹೊಳೆಯುವ ಬಟ್ಟೆ ಹಾಕಿದ ಸವಾರರಿಗೆ ಅಪಘಾತದಲ್ಲಿ ಗಾಯವಾಗುವ ಅಪಾಯ 37% ಕಡಿಮೆ ಇತ್ತು. ಕಪ್ಪಿಗೆ ಹೋಲಿಸಿದರೆ ಬಿಳಿ ಹೆಲ್ಮೆಟ್‌ನವರಿಗೆ 24% ಕಡಿಮೆ. ಕಪ್ಪು ಹೆಲ್ಮೆಟ್ ಬಿಸಿಲಿಗೂ ಜಾಸ್ತಿ ಕಾಯುತ್ತದೆ. ಆದರೂ ನನ್ನ ಅಂಗಡಿಯಲ್ಲಿ ಹತ್ತಕ್ಕೆ ಎಂಟು ಜನ ಕೇಳುವುದು ಕಪ್ಪೇ. ಏನು ಮಾಡೋದು?

ಚೋರ್ಲಾ ಘಾಟಿಗೆ ಎಲ್ಲವನ್ನೂ ಹಾಕಿಕೊಳ್ಳಿ. ಮಲಪ್ರಭೆ ಹುಟ್ಟುವ ಕಣಕುಂಬಿ ಅದೇ ದಾರಿಯಲ್ಲಿದೆ. ಮಳೆಗಾಲದಲ್ಲಿ ಅಲ್ಲಿ ಮಂಜು ಕವಿದರೆ ಹತ್ತು ಹೆಜ್ಜೆ ಮುಂದೆ ಕಾಣುವುದಿಲ್ಲ. ಮೆಶ್ ಜಾಕೆಟ್ ಮೇಲೆ ಒಂದು ರೇನ್‌ಕೋಟ್ ಸಾಕು, ಅದಕ್ಕೆಂದು ಬೇರೆ ಜಾಕೆಟ್ ಕೊಳ್ಳಬೇಡಿ.

ಬಾದಾಮಿಗೆ ಹೋಗುವಾಗ ಯೋಚಿಸಬೇಕಾದ್ದು ನಿಮ್ಮ ಗೇರ್ ಅಲ್ಲ, ನಿಮ್ಮ ಮನೆಯವರದು. ಗಂಡ ಜಾಕೆಟ್ಟು, ಗ್ಲೌಸು, ಬೂಟು, ಹಿಂದೆ ಹೆಂಡತಿ ಬರಿ ತಲೆಯಲ್ಲಿ ಒಂದೇ ಕಡೆ ಕಾಲು ಹಾಕಿ ಕೂತಿರುತ್ತಾಳೆ. ಬನಶಂಕರಿ ಜಾತ್ರೆಯ ದಾರಿಯಲ್ಲಿ ಇಂಥ ಜೋಡಿ ಎಷ್ಟು ಬೇಕಾದರೂ ಸಿಗುತ್ತವೆ. ಬೀಳುವಾಗ ಹಿಡಿದುಕೊಳ್ಳಲು ನಿಮಗೆ ಹ್ಯಾಂಡಲ್ ಆದರೂ ಇದೆ, ಅವರಿಗೆ ಏನೂ ಇಲ್ಲ. ಹಂಪ್ ಬರುವುದೂ ಅವರಿಗೆ ಕಾಣುವುದಿಲ್ಲ. ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದೆ, ನಾಲ್ಕು ವರ್ಷ ದಾಟಿದ ಮಕ್ಕಳಿಗೂ. ಅವತ್ತಿನ ದಿನ ಚೂಡಿದಾರ್ ಹಾಕಿಕೊಂಡು ಎರಡೂ ಕಡೆ ಕಾಲು ಹಾಕಿ ಕೂರಲು ಹೇಳಿ. ವೇಲ್ ತುದಿ ಹಿಂದೆ ಹಾರಾಡಲು ಬಿಡದೆ ಸೊಂಟಕ್ಕೆ ಸುತ್ತಿಕೊಳ್ಳಲಿ. ಸೀರೆಯೇ ಉಡಬೇಕು ಅಂದರೆ ಗಾಡಿಗೆ ಸೀರೆ ಗಾರ್ಡ್ ಇರಲಿ, ಸ್ಪೀಡು 40 ದಾಟದಿರಲಿ.

ದುಡ್ಡಿನ ಲೆಕ್ಕ ಅಂದಾಜು ಹೀಗೆ ಬೀಳುತ್ತದೆ. ನಿಮ್ಮ ಫುಲ್ ಫೇಸ್ ಹೆಲ್ಮೆಟ್ 2,500, ಮನೆಯವರದು 1,500, ಗ್ಲೌಸ್ 1,500, ಶೂ 2,000, ನೀ ಗಾರ್ಡ್ 1,500. ಉಳಿದ 6,000 ಜಾಕೆಟ್ಟಿಗೆ. ಎಲ್ಲಾ ಒಟ್ಟಿಗೆ ಆಗದಿದ್ದರೆ ಎರಡು ಹೆಲ್ಮೆಟ್, ಗ್ಲೌಸ್, ಶೂ ಈ ವಾರ ತಗೊಳ್ಳಿ, ಜಾಕೆಟ್, ನೀ ಗಾರ್ಡ್ ಮುಂದಿನ ಸಂಬಳಕ್ಕೆ. ಇಪ್ಪತ್ತು ಸಾವಿರದ ಹೆಲ್ಮೆಟ್ ಕೊಂಡು ಚಪ್ಪಲಿಯಲ್ಲಿ ಗಾಡಿ ಓಡಿಸುವವರನ್ನು ನೋಡಿದ್ದೇನೆ, ಆ ಸಾಲಿಗೆ ಸೇರಬೇಡಿ.

ನಿಮ್ಮ ತಂದೆಯವರ ಜೊತೆ ವಾದ ಮಾಡಲು ಹೋಗಬೇಡಿ, ಅವರು ಹೇಳುವುದು ಸುಳ್ಳಲ್ಲ. ಅವರ ಕಾಲದಲ್ಲಿ ಅದೇ ದಾರಿಯಲ್ಲಿ ಎದುರಿಗೆ ಬರುತ್ತಿದ್ದದ್ದು ಒಂದು ಬಸ್ಸು, ನಾಲ್ಕು ಚಕ್ಕಡಿ. ರಾಜದೂತ್ ಐವತ್ತರ ಮೇಲೆ ಹೋದರೆ ಅಲುಗಾಡುತ್ತಿತ್ತು. ಆದರೆ ಕಟ್ಟೆ ಮೇಲೆ ಕೂತು ‘ನಾನು ಬಿದ್ದೇ ಇಲ್ಲ’ ಅಂತ ಹೇಳಲು ಬರುವವರು ಬೀಳದವರು ಮಾತ್ರ ಅಲ್ವಾ? ಅವರನ್ನೂ ಒಂದು ದಿನ ಅಂಗಡಿಗೆ ಕರೆದುಕೊಂಡು ಹೋಗಿ, ತಲೆ ಅಳತೆ ತೆಗೆಸಿ. ಈಗಲೂ ಸಂತೆಗೆ ಗಾಡಿ ತಗೊಂಡು ಹೋಗುತ್ತಾರೆ ಅಂತ ನನ್ನ ಊಹೆ.

ಜಾಕೆಟ್ ಕೊಳ್ಳುವ ಮುಂಚೆ ಅದನ್ನು ಹಾಕಿಕೊಂಡು ಹೊರಗೆ ಬಂದು ನಿಮ್ಮ ಗಾಡಿ ಮೇಲೆ ಕೂತು ಹ್ಯಾಂಡಲ್ ಹಿಡಿಯಿರಿ. ಕನ್ನಡಿ ಮುಂದೆ ನಿಂತಾಗ ಚೆಂದ ಕಂಡ ತೋಳು ಕೂತಾಗ ಮಣಿಕಟ್ಟು ಬಿಟ್ಟು ಮೇಲೇರುತ್ತದೆ, ಮೊಣಕೈ ಆರ್ಮರ್ ಮುಂಗೈಗೆ ಜಾರುತ್ತದೆ. ಕೂತಾಗ ಅದು ಮೊಣಕೈ ಮೇಲೇ ಇರಬೇಕು, ಕೈ ಹಿಡಿದು ತಿರುಚಿದರೂ ಅಲ್ಲೇ ಇರಬೇಕು. ಹೊರಗೆ ತಗೊಂಡು ಹೋಗಲು ಅಂಗಡಿಯವರು ಬಿಡದಿದ್ದರೆ ಬೇರೆ ಅಂಗಡಿ ನೋಡಿ.